ಹಿಂದಿರುಗಿದವರ ಗೋಡೆ

ಇತಿಹಾಸ ಕಲಿಸುವವರು ಅನೇಕರಿದ್ದಾರೆ. ಯುದ್ಧದ ಪಾಠವನ್ನು ಮಕ್ಕಳು ಜಯಕಾರ ಹಾಕದಂತೆಯೂ ಹೆದರಿ ಕಂಗೆಡದಂತೆಯೂ ಕಲಿಸಬಲ್ಲವರು ವಿರಳ. ಮೂವತ್ನಾಲ್ಕು ವರ್ಷಗಳ ಸೇವೆಯ ನಂತರ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಅಧ್ಯಾಪಕಿಯವರು ಆ ವಿರಳರ ಸಾಲಿಗೆ ಸೇರಿದವರು. ಮೊದಲು ಅವರ ಶಿಷ್ಯೆಯಾಗಿ, ಈಗ ಪಕ್ಕದ ಕೊಠಡಿಯ ಸಹೋದ್ಯೋಗಿಯಾಗಿ ಅವರನ್ನು ಬಲ್ಲ ನನಗೆ ಈ ನಾಲ್ಕು ಮಾತು ಬರೆಯುವ ಭಾಗ್ಯ ದೊರೆತಿದೆ.

ಅವರು ಕೆಲಸಕ್ಕೆ ಸೇರಿದ ಹೊಸತರಲ್ಲೇ ಮಕ್ಕಳು ‘ಆಮೇಲೆ ಟೀಚರ್’ ಎಂದು ಹೆಸರಿಟ್ಟಿದ್ದರು. ಯಾವ ರಾಜ ಯಾವ ಇಸವಿಯಲ್ಲಿ ಗೆದ್ದನೆಂದು ನಾವು ಗಿಣಿಪಾಠ ಒಪ್ಪಿಸಿದರೆ, “ಸರಿ, ಗೆದ್ದ. ಆಮೇಲೆ? ಮಾರನೇ ದಿನ ಅವನ ಕುದುರೆಗೆ ಹುಲ್ಲು ಹಾಕಿದ್ದು ಯಾರು?” ಎನ್ನುತ್ತಿದ್ದರು. ತಪಾಸಣೆಗೆ ಬಂದ ಅಧಿಕಾರಿಗೂ ಇದೇ ಪ್ರಶ್ನೆ ಹಾಕಿದ್ದರಿಂದ ಅವರ ಬಡ್ತಿ ಎರಡು ವರ್ಷ ತಡವಾಯಿತೆಂಬ ಮಾತಿದೆ, ನಾನಂತೂ ನಂಬುತ್ತೇನೆ.

ಅವರದೊಂದು ಪದ್ಧತಿಯಿತ್ತು. ಹಳೆಯ ಯುದ್ಧವೊಂದರಲ್ಲಿ ಇಷ್ಟು ಸಾವಿರ ಜನ ಸತ್ತರೆಂದು ಪುಸ್ತಕ ಹೇಳಿದರೆ, ಪ್ರತಿ ಮಗುವೂ ಅವರಲ್ಲೊಬ್ಬರನ್ನು ಊಹಿಸಿಕೊಂಡು, ಅವರ ಕಸುಬು, ಮನೆ, ಗುರುತು ಬರೆದ ಚೀಟಿಯನ್ನು ಹಿಂದಿನ ಗೋಡೆಗೆ ಚುಚ್ಚಬೇಕಿತ್ತು. ನನಗಾಗ ಹತ್ತು ವರ್ಷ. ಗಡಿಯಲ್ಲಿ ಯುದ್ಧ ನಡೆದಿತ್ತು. ಸೈನ್ಯಕ್ಕೆ ಸಾಮಾನು ಸಾಗಿಸಲು ಹೋದ ಅಪ್ಪನಿಂದ ಎರಡು ತಿಂಗಳು ಕಾಗದವಿರಲಿಲ್ಲ. ಬೇರೇನೂ ಹೊಳೆಯದೆ ನಾನು ಬರೆದೆ: ‘ಲಾರಿ ಡ್ರೈವರ್. ಎಡ ಹೆಬ್ಬೆರಳಿಗೆ ಉಗುರಿಲ್ಲ. ಒಬ್ಬಳೇ ಮಗಳು.’ ಚುಚ್ಚಿ ಬಂದು ಕೂತ ಮೇಲೆ ಅರಿವಾಯಿತು. ಸತ್ತವರ ಗೋಡೆಗೆ ಅಪ್ಪನನ್ನು ನಾನೇ ಸೇರಿಸಿದ್ದೆ!

ಎರಡು ದಿನ ಊಟ ಬಿಟ್ಟು ಅತ್ತೆ. ಕೊನೆಗೆ ಅಜ್ಜಿ ನನ್ನನ್ನು ದರದರನೆ ಶಾಲೆಗೆ ಎಳೆತಂದು, “ನೋಡಿ ಟೀಚರೇ, ಅಪ್ಪನ್ನ ನಾನೇ ಸಾಯಿಸಿಬಿಟ್ಟೆ ಅಂತ ಅಳ್ತಾ ಕೂತಿದಾಳೆ” ಎಂದರು.

ಟೀಚರು ನನ್ನನ್ನು ಸ್ಟೂಲು ಹತ್ತಿಸಿ, ನನ್ನ ಕೈಯಿಂದಲೇ ಆ ಚೀಟಿ ತೆಗೆಸಿದರು. “ಚೀಟಿ ಬರೆದ್ರೆ ಯಾರೂ ಸಾಯಲ್ಲಮ್ಮ. ತಪ್ಪು ನಂದು. ಸತ್ತವರಿಗೆ ಜಾಗ ಕೊಟ್ಟೆ, ವಾಪಸ್ ಬಂದವರನ್ನ ಮರೆತೆ. ನಿಮ್ಮಪ್ಪ ಬರ್ತಾರೆ, ನೋಡ್ತಿರು” ಎಂದರು. ಅಂದೇ ಎದುರು ಗೋಡೆಯ ಭೂಪಟ ಇಳಿಸಿ, ಯುದ್ಧದಿಂದ ಹಿಂದಿರುಗಿದವರಿಗೆ ಆ ಗೋಡೆ ಬಿಟ್ಟುಕೊಟ್ಟರು. ಇಂದಿಗೂ ನಮ್ಮ ಶಾಲೆಯಲ್ಲಿ ಅದು ತುಂಬುವ ತನಕ ಯುದ್ಧದ ಪಾಠ ಮುಗಿಯುವುದಿಲ್ಲ.

ಹದಿನಾರನೆಯ ದಿನ, ಭುಜಕ್ಕೆ ಪಟ್ಟಿ ಕಟ್ಟಿಕೊಂಡ ಅಪ್ಪ ಶಾಲೆಯ ಗೇಟಿನಲ್ಲಿ ನಿಂತಿದ್ದರು. ನಾನು ಓಡಿಹೋಗಿ ಅವರನ್ನು ತಬ್ಬಿಕೊಂಡು ತಿರುಗಿ ನೋಡಿದರೆ, ಅಷ್ಟು ಧೈರ್ಯವಾಗಿ ಮಾತು ಕೊಟ್ಟಿದ್ದ ಟೀಚರು ಮೆಟ್ಟಿಲ ಮೇಲೆ ಕುಸಿದು ಕೂತು ಅಳುತ್ತಿದ್ದರು.

“ಅಬ್ಬಾ, ಬಂದ್ರಲ್ಲ! ಏನೂ ಗೊತ್ತಿಲ್ಲದೆ ಬರ್ತಾರೆ ಅಂತ ಹೇಳಿಬಿಟ್ಟಿದ್ದೆ ಕಣೇ. ಅವತ್ತಿಂದ ಕಣ್ಣು ಮುಚ್ಚಿಲ್ಲ ನಾನು.”

ಇಂಥವರು ನೂರು ವರ್ಷ ಬಾಳಲಿ. ಮಕ್ಕಳಿಗಾಗಿ ಬರೆಯಲು ಹೊರಟಿರುವ ಪುಸ್ತಕವನ್ನು ಬರೆದು ಮುಗಿಸಲಿ. ನಮ್ಮೆಲ್ಲರ ಅಪ್ಪಂದಿರಿಗಾಗಿ ಕಳೆದುಕೊಂಡ ನಿದ್ದೆಯನ್ನು ಇನ್ನಾದರೂ ಕಣ್ತುಂಬ ಮಾಡಲಿ.