ಸತ್ತ ಮೇಲೂ ಹಾಜರಿದ್ದ ಎಲ್ವುಡ್

ಬೆಳಗಿನ ಆರು ಗಂಟೆ. ಹೆಪ್ಲರ್ಟನ್ ಸ್ವಯಂಸೇವಕ ಅಗ್ನಿಶಾಮಕ ದಳದ ಶೆಡ್ಡಿನ ಹಿಂಬಾಗಿಲು ತೆರೆದಿದೆ. ನಿನ್ನೆ ಸಂಜೆ ಯೋಡರ್ ಅವರ ಹುಲ್ಲಿನ ಕೊಟ್ಟಿಗೆಗೆ ಬೆಂಕಿ ಬಿದ್ದಿತ್ತು. ಆರಿಸಿ ಬಂದವರೆಲ್ಲ ಈಗ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ಮಸಿ, ಕೆಸರು, ಸಗಣಿ ಮೆತ್ತಿದ, ನೀರು ಹಾಯಿಸುವ ಒಂಬತ್ತು ಬಟ್ಟೆ ಪೈಪುಗಳು ಮಾತ್ರ ಇಲ್ಲಿ ನೆಲದ ಮೇಲೆ ಬಿದ್ದಿವೆ. ಎಂಬತ್ತೆರಡು ವರ್ಷದ ಆರ್ಲೀನ್ ಫೆಟರಾಲ್ಫ್ ಉದ್ದ ಹಿಡಿಯ ಬ್ರಷ್ಷು ಹಿಡಿದು ಅವನ್ನು ಒಂದೊಂದಾಗಿ ಉಜ್ಜುತ್ತಾರೆ, ಹಗ್ಗಕ್ಕೆ ಕಟ್ಟುತ್ತಾರೆ, ಒಣಗಲೆಂದು ರಾಟೆಯಿಂದ ಶೆಡ್ಡಿನ ಗೋಪುರದ ತುದಿಗೆ ಎಳೆಯುತ್ತಾರೆ. ಒದ್ದೆ ಪೈಪನ್ನು ಹಾಗೇ ಸುತ್ತಿಟ್ಟರೆ ಬೂಷ್ಟು ಹಿಡಿದು ಮುಂದಿನ ಬೆಂಕಿಯ ಹೊತ್ತಿಗೆ ಒಡೆದುಹೋಗುತ್ತದೆ.

ಒಂದು ಕೈ ಹಾಕಲೇ ಎಂದು ಕೇಳುತ್ತೇನೆ. "ಹೋದ ಸಲ ನೀನು ಹಾಕಿದ ಗಂಟು ಬಿಚ್ಚಿ ಪೈಪು ನನ್ನ ತಲೆ ಮೇಲೇ ಬಿತ್ತು. ಸುಮ್ನೆ ಕೂತ್ಕೊಂಡು ಕಾಫಿ ಕುಡಿ," ಎನ್ನುತ್ತಾರೆ. ಈ ಊರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷವಾದರೂ ನನಗೆ ಸಿಕ್ಕಿರುವ ಮರ್ಯಾದೆ ಇಷ್ಟೇ.

ಆರ್ಲೀನ್ ಈ ಕೆಲಸ ಹಿಡಿದು ನಲವತ್ತಾರು ವರ್ಷ. ಕಾಲುಚೀಲದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವರು, 1979ರಲ್ಲಿ ದಳದ ಬಾಗಿಲು ಹೆಂಗಸರಿಗೂ ತೆರೆದಾಗ ಮೊದಲು ಒಳಗೆ ಕಾಲಿಟ್ಟವರಲ್ಲಿ ಒಬ್ಬರು. ವರ್ಷಕ್ಕೆ ಸುಮಾರು ನೂರ ನಲವತ್ತು ಕರೆ ಬರುತ್ತವೆ. ಒಂದು ಕಾಲದಲ್ಲಿ ಅರವತ್ತೊಂದು ಜನರಿದ್ದ ದಳದಲ್ಲಿ ಈಗ ಹದಿನೇಳು ಮಂದಿ. ಪೈಪು ತೊಳೆಯುವುದು, ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಪರೀಕ್ಷಿಸುವುದು, ದಳಕ್ಕೆ ಹಣ ಕೂಡಿಸುವ ಶನಿವಾರದ ಊಟದಲ್ಲಿ ಸುಡುವ ಕೋಳಿಗೆ ಸವರಲು ಬೆಣ್ಣೆ, ವಿನೆಗರ್ ಬೆರೆಸುವುದು, ತಿಂಗಳ ಸಭೆಯಲ್ಲಿ ಹಾಜರಿ ಪುಸ್ತಕ ಬರೆಯುವುದು, ಎಲ್ಲ ಇವರದೇ. ಸಂಬಳ ಯಾರಿಗೂ ಇಲ್ಲ, ಇವರಿಗೂ ಇಲ್ಲ. ಗಂಡ ಲಮಾರ್ ತೀರಿಕೊಂಡ ವಾರವೂ ಪೈಪು ತೊಳೆದಿದ್ದರು ಎಂದು ಊರಿನವರು ಹೇಳುತ್ತಾರೆ. ಕೇಳಿದರೆ, ಆ ವಾರವೂ ಬೆಂಕಿ ಬಿದ್ದಿತ್ತಲ್ಲ ಎನ್ನುತ್ತಾರೆ.

ಈ ವರ್ಷ ದಳಕ್ಕೆ ನೂರ ಇಪ್ಪತ್ತೈದು ತುಂಬಿತು. ಶೆಡ್ಡಿನ ಮುಂದೆ ಕಲ್ಲು ನಿಲ್ಲಿಸಿ, ಸೇವೆ ಮಾಡಿದವರ ಹೆಸರನ್ನೂ ವರ್ಷಗಳನ್ನೂ ಕೆತ್ತಿಸಬೇಕೆಂದು ತೀರ್ಮಾನವಾಯಿತು. ದಳದ ಚರಿತ್ರೆ ಬರೆದು ಪಟ್ಟಿ ಕೊಡುವ ಕೆಲಸ ಯಥಾಪ್ರಕಾರ ಆರ್ಲೀನ್ ಹೆಗಲಿಗೆ ಬಿತ್ತು. ಬಿಸ್ಕತ್ತಿನ ಡಬ್ಬಗಳಲ್ಲಿದ್ದ ಮೂವತ್ತೊಂದು ಹಾಜರಿ ಪುಸ್ತಕಗಳನ್ನು ಮನೆಗೆ ಹೊತ್ತುಕೊಂಡು ಹೋದರು. ಅಲ್ಲಿಂದಲೇ ಶುರುವಾದದ್ದು ಗೋಜಲು.

ಆರ್ಲೀನ್ ತಂದೆ ಎಲ್ವುಡ್ ಸ್ಟ್ರೋಮ್ 1938ರಲ್ಲಿ ದಳ ಸೇರಿದವರು. 1942ರ ಮೇ ತಿಂಗಳಲ್ಲಿ ಯುದ್ಧಕ್ಕೆ ಹೋದರು. ಆರ್ಲೀನ್ ಹುಟ್ಟಿದ್ದು ಆ ಅಕ್ಟೋಬರ್‌ನಲ್ಲಿ. ಅಪ್ಪನ ಮುಖ ಕಂಡವರಲ್ಲ. 1944ರ ಜನವರಿಯಲ್ಲಿ ಅವರು ಇಟಲಿಯಲ್ಲಿ ಮಡಿದರೆಂದು ತಂತಿ ಬಂತು. ಮಣ್ಣು ಮಾಡಿದ್ದೂ ಅಲ್ಲಿಯೇ, ಊರಿನ ಸ್ಮಶಾನದಲ್ಲಿರುವುದು ಬರೀ ಕಲ್ಲು.

ಆದರೆ ಹಾಜರಿ ಪುಸ್ತಕ ಬೇರೆಯೇ ಹೇಳುತ್ತಿತ್ತು. 1944ರ ಮಾರ್ಚ್ ಹನ್ನೊಂದು: ಎಲ್ವುಡ್ ಸ್ಟ್ರೋಮ್, ಹಾಜರ್. ಏಪ್ರಿಲ್, ಹಾಜರ್. ಗಿರಣಿಯ ಬೆಂಕಿಗೆ ಬಂದಿದ್ದಾರೆ, ಶಾಲೆಯ ಬೆಂಕಿಗೆ ಬಂದಿದ್ದಾರೆ, 1946ರ ಪ್ರವಾಹದಲ್ಲಿ ದೋಣಿ ಹಿಡಿದಿದ್ದಾರೆ. ಏಳು ವರ್ಷ ಹೀಗೇ ನಡೆದು, 1951ರ ಮೇ ತಿಂಗಳಲ್ಲಿ ಒಂದು ಸಾಲು: ಸ್ವಇಚ್ಛೆಯಿಂದ ನಿವೃತ್ತಿ. ಸತ್ತವರು ನಿವೃತ್ತರಾಗಿದ್ದಾರೆ!

"ಪುಸ್ತಕ ಮುಚ್ಚಿಟ್ಟು ಅಡುಗೆಮನೇಲಿ ನಿಂತುಬಿಟ್ಟೆ," ಎನ್ನುತ್ತಾರೆ ಆರ್ಲೀನ್. "ನಮ್ಮಪ್ಪ ಸತ್ತೇ ಇರ್ಲಿಲ್ವಾ? ಇದೇ ಊರಲ್ಲಿ, ನಮ್ಮನೆಯಿಂದ ನಾಲ್ಕು ಮನೆ ಆಚೆ ಇರೋ ಶೆಡ್ಡಲ್ಲಿ, ಏಳು ವರ್ಷ ಪೈಪು ಹಿಡ್ಕೊಂಡು ಓಡಾಡ್ತಿದ್ನಾ? ನನ್ನ ನೋಡೋಕೆ ಒಂದ್ಸಲಾನೂ ಬರ್ಲಿಲ್ವಾ?"

ಎಂಬತ್ತೆರಡನೇ ವಯಸ್ಸಿನಲ್ಲಿ ಕೇಳಿಕೊಳ್ಳಬಾರದ ಪ್ರಶ್ನೆ ಅದು. ಎರಡು ವಾರ ಅವರು ಸರಿಯಾಗಿ ನಿದ್ದೆ ಮಾಡಲಿಲ್ಲ. ನನ್ನ ಅಂಗಡಿಗೆ ಬಂದು ನಿದ್ದೆ ಮಾತ್ರೆ ಕೇಳಿದ್ದು ನನಗೇ ಗೊತ್ತು. ಊರಿನಲ್ಲಿ ಕೇಳಿದರೆ ತಲೆಗೊಂದು ಕಥೆ. ತಂತಿ ತಪ್ಪಿ ಬಂದಿರಬೇಕು ಎಂದರು ಒಬ್ಬರು. ಬೇರೆ ಎಲ್ವುಡ್ ಇದ್ದ ಎಂದರು ಇನ್ನೊಬ್ಬರು. ದಳದ ಮುಖ್ಯಸ್ಥ, ಮೂವತ್ತೆಂಟರ ಡ್ಯಾರೆಲ್, ಬರೆದವನು ಕುಡಿದಿದ್ದನೇನೋ ಎಂದು ನಕ್ಕುಬಿಟ್ಟ. ನನಗಂತೂ ತಲೆಬುಡ ತಿಳಿಯಲಿಲ್ಲ. ಕಲ್ಲು ಕೆತ್ತುವವನು ಸೋಮವಾರದೊಳಗೆ ಪಟ್ಟಿ ಬೇಕೆಂದು ಕೂತಿದ್ದ. ಅಪ್ಪನ ಹೆಸರಿನ ಮುಂದೆ ಯಾವ ವರ್ಷ ಬರೆಯುವುದು?

ಅದೇ ಡಬ್ಬಗಳಲ್ಲಿದ್ದ, ದಳದವರಿಗೆ ಕೊಟ್ಟ ಕೋಟು ಬೂಟುಗಳ ಲೆಕ್ಕದ ಸಾಮಾನಿನ ಪುಸ್ತಕದಲ್ಲಿ ಒಂದು ಎಳೆ ಸಿಕ್ಕಿತು. 1944ರ ಏಪ್ರಿಲ್: ಸ್ಟ್ರೋಮ್, ಹನ್ನೊಂದನೇ ನಂಬರಿನ ಬೂಟು ವಾಪಸ್, ಆರನೇ ನಂಬರಿನ ಬೂಟು ಕೊಟ್ಟಿದೆ. ಯುದ್ಧಕ್ಕೆ ಹೋದರೆ ಗಂಡಸಿನ ಕಾಲು ಐದು ನಂಬರು ಕುಗ್ಗುತ್ತದೆಯೇ? ಆರ್ಲೀನ್ ಆ ಸಾಲನ್ನು ನೋಡಿ, ತನ್ನ ಕಾಲಿನ ಬೂಟು ನೋಡಿಕೊಂಡರು. ಅವರದ್ದೂ ಆರನೇ ನಂಬರು, ಅಮ್ಮನಿಂದ ಬಂದ ಕಾಲು.

ಅಮ್ಮ ಮೇಬಲ್ ಹಾಲಿನ ಲಾರಿ ಓಡಿಸುತ್ತಿದ್ದವರು, 1987ರಲ್ಲಿ ತೀರಿಕೊಂಡರು. ಬಲಗೈಯಲ್ಲಿ ಮೊಣಕೈಯವರೆಗೆ ಸುಟ್ಟ ಕಲೆಯಿತ್ತು. ಪೀಚ್ ಹಣ್ಣು ಬೇಯಿಸುವಾಗ ಕುದಿನೀರು ಬಿತ್ತು ಎಂದು ಹೇಳುತ್ತಿದ್ದರು. ಮಗಳು ನಂಬಿದ್ದಳು.

ಆ ಕಾಲದವರಲ್ಲಿ ಉಳಿದಿರುವುದು ಕ್ಲೇಟನ್ ಉಮ್‌ಹೋಲ್ಟ್ಸ್ ಒಬ್ಬರೇ. ತೊಂಬತ್ತೇಳು ವರ್ಷ, ವೃದ್ಧಾಶ್ರಮದ ಕಿಟಕಿಯ ಪಕ್ಕ ಕುರ್ಚಿ. 1945ರಲ್ಲಿ ದಳ ಸೇರಿದವರು. ಆರ್ಲೀನ್ ಜೊತೆ ನಾನೂ ಹೋಗಿದ್ದೆ. ಮೊದಲು ಮುದುಕರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದರು. ಸಭೆಯಲ್ಲಿ ಕ್ಯಾಪ್ಟನ್ ಎಲ್ವುಡ್ ಹೆಸರು ಕೂಗುತ್ತಿದ್ದರು, ಹಿಂದಿನ ಸಾಲಿನಿಂದ ಹಾಜರ್ ಎಂದು ಕೇಳುತ್ತಿತ್ತು, ತಾನು ತಿರುಗಿ ನೋಡಲಿಲ್ಲ ಎಂದರು. ಆರು ವರ್ಷ ಒಂದು ಸಲವೂ ತಿರುಗಲಿಲ್ಲವೇ ಎಂದು ನಾನು ಕೇಳಿದೆ.

"ಯಾರೂ ತಿರುಗ್ತಿರ್ಲಿಲ್ಲ," ಎಂದರು ಕ್ಲೇಟನ್. "ತಿರುಗಿದ್ರೆ ಅವಳು ಹೆಂಗ್ಸು ಅಂತ ಕಾಣ್ತಿತ್ತಲ್ಲ."

ಆಮೇಲೆ ತಾವು ಹಿರಿಯರಿಂದ ಕೇಳಿದ್ದನ್ನು ಹೇಳಿದರು. ತಂತಿ ಬಂದ ಮೇಲೆ, ದಳದವರು ಸತ್ತಾಗಿನ ರೂಢಿಯಂತೆ, ಎಲ್ವುಡ್ ಹೆಸರಿಗೆ ಕೆಂಪು ಗೀಟು ಎಳೆದು ಒಂದು ಸಲ ಗಂಟೆ ಹೊಡೆಯಬೇಕಿತ್ತು. ಕ್ಯಾಪ್ಟನ್ ರೌಕ್ ಮರೆತರು. ಯುದ್ಧಕ್ಕೆ ಹೋದವರ ಹೆಸರನ್ನೂ ಪ್ರತಿ ಸಭೆಯಲ್ಲಿ ಕೂಗುತ್ತಿದ್ದರು, ಮಾರ್ಚ್ ಸಭೆಯಲ್ಲಿ ಅದೇ ಅಭ್ಯಾಸಬಲದಿಂದ ಸತ್ತವನ ಹೆಸರು ಕೂಗಿಯೇಬಿಟ್ಟರು. ಕೂಗಿದ ಮೇಲೆ ನೆನಪಾಗಿ ತಲೆ ತಗ್ಗಿಸಿದರು. ಹಿಂದೆ ಕಾಫಿ ಕೆಟಲ್ ಹಿಡಿದು ನಿಂತಿದ್ದ ಮೇಬಲ್, ಹಾಜರ್ ಎಂದರು. ಕ್ಯಾಪ್ಟನ್ ತಲೆ ಎತ್ತದೆ ಗುರುತು ಹಾಕಿದರು. ಹಾಜರ್ ಎಂದವರು ಸೈರನ್ ಕೂಗಿದಾಗ ಬರಲೇಬೇಕು, ದಳದ ನಿಯಮ. ಮುಂದಿನ ಬೆಂಕಿಗೆ ಮೇಬಲ್ ಗಂಡನ ಕೋಟು ಹಾಕಿಕೊಂಡು ಬಂದರು. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದ ಊರು. ವಾಹನ ಓಡಿಸುವವರೇ ಇರಲಿಲ್ಲ. ಸ್ಟಿಯರಿಂಗ್ ಹಿಡಿದವರು ಏಳು ವರ್ಷ ಬಿಡಲಿಲ್ಲ. 1951ರಲ್ಲಿ ಬಂದ ಹೊಸ ಕ್ಯಾಪ್ಟನ್ ಪ್ರತಿಯೊಬ್ಬರ ಮುಖ ನೋಡಿ ಹಾಜರಿ ಹಾಕತೊಡಗಿದ. ಅದಕ್ಕೇ ಆ ನಿವೃತ್ತಿ.

ಅಲ್ಲಿಗೆ ಗೋಜಲು ಬಗೆಹರಿಯಿತು ಎಂದುಕೊಂಡೆವು. ಇಲ್ಲ. ಮನೆಗೆ ಬಂದು ಪುಸ್ತಕ ತಿರುವಿದರೆ, 1951ರ ಫೆಬ್ರವರಿ ಹನ್ನೆರಡರಂದು ಸಭೆಯಲ್ಲೂ ಹಾಜರ್, ಮಧ್ಯಾಹ್ನದ ಬೆಂಕಿಯಲ್ಲೂ ಹಾಜರ್. ಆ ವಾರ ಮೇಬಲ್ ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದರು. ಎಂಟು ವರ್ಷದ ಆರ್ಲೀನ್ ಚಿಕ್ಕಮ್ಮನ ಮನೆಯಲ್ಲಿದ್ದದ್ದು ಅವರಿಗೆ ಚೆನ್ನಾಗಿ ನೆನಪಿದೆ. ಹಾಗಾದರೆ ಅವತ್ತು ಎಲ್ವುಡ್ ಹೆಸರಿಗೆ ಓಗೊಟ್ಟವರು ಯಾರು? ಅಪ್ಪ ಮತ್ತೆ ಜೀವಂತವಾಗಿ ಎದ್ದು ಕೂತರು. ಆರ್ಲೀನ್ ಮಾರನೆಯ ದಿನವೇ ಪುಸ್ತಕ ಎತ್ತಿಕೊಂಡು ವೃದ್ಧಾಶ್ರಮಕ್ಕೆ ನಡೆದರು, ಹಿಂದೆಯೇ ನಾನೂ.

ಕ್ಲೇಟನ್ ಆ ಸಾಲಿನ ಮೇಲೆ ಬೆರಳಿಟ್ಟರು. "ಅವತ್ತು ನಾನೇ ಅಂದೆ ಮಗೂ," ಎಂದರು. "ಅವಳು ಆಸ್ಪತ್ರೇಲಿದ್ಲು. ಯಾರಾದ್ರೂ ಅನ್ನಬೇಕಿತ್ತಲ್ಲ. ಬೆಂಕಿ ಹತ್ರ ಎರಡು ಸರದಿ ಪೈಪು ಹಿಡ್ದೆ. ನಂದೊಂದು, ಎಲ್ವುಡ್‌ದೊಂದು."

ಆರ್ಲೀನ್ ಅತ್ತರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅಪ್ಪ ಸತ್ತೇ ಇದ್ದ ಎಂದು ಖಾತ್ರಿಯಾಗಿದ್ದಕ್ಕೆ ಅತ್ತರೋ, ಅವನನ್ನು ಏಳು ವರ್ಷ ಸಾಯಗೊಡದ ಜನರನ್ನು ನೆನೆದು ಅತ್ತರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲವಂತೆ.

ಇನ್ನು ಪಟ್ಟಿ. ಎಲ್ವುಡ್ ವರ್ಷಗಳನ್ನು 1944ಕ್ಕೆ ನಿಲ್ಲಿಸಿ ಮಿಕ್ಕಿದ್ದನ್ನು ಮೇಬಲ್ ಹೆಸರಿಗೆ ಬರೆದರಾಯಿತು ಎಂದು ಡ್ಯಾರೆಲ್ ಸಲಹೆ ಕೊಟ್ಟ. ನ್ಯಾಯವಾದ ಮಾತೇ. ಆರ್ಲೀನ್ ಒಪ್ಪಲಿಲ್ಲ. ಅಮ್ಮ ಕೈ ಸುಟ್ಟುಕೊಂಡು ಉಳಿಸಿದ ಹೆಸರಿಗೆ ಮಗಳು ಕೆಂಪು ಗೀಟು ಎಳೆಯುವುದೇ? ಹಾಗಂತ ಅಮ್ಮನನ್ನು ಬಿಡುವುದೂ ಆಗದು. ಭಾನುವಾರವೆಲ್ಲ ಯೋಚಿಸಿ ಸೋಮವಾರ ಪಟ್ಟಿ ಕಳಿಸಿದರು. ಎಲ್ವುಡ್ ಸ್ಟ್ರೋಮ್, 1938–1951. ಅದರ ಕೆಳಗೇ ಮೇಬಲ್ ಸ್ಟ್ರೋಮ್, 1944–1951. ಕೆತ್ತುವವನು ಎರಡು ಸಲ ಫೋನ್ ಮಾಡಿ, ಸ್ಮಶಾನದ ಕಲ್ಲಿನಲ್ಲಿ ಬೇರೆ ವರ್ಷವಿದೆ, ಇದು ತಪ್ಪಲ್ಲವೇ ಎಂದು ಕೇಳಿದನಂತೆ. ಆರ್ಲೀನ್, ಎರಡು ಕಲ್ಲೂ ಸರಿ ಎಂದು ಹೇಳಿ ಫೋನ್ ಇಟ್ಟರಂತೆ.

ಒಂಬತ್ತನೆಯ ಪೈಪೂ ಮೇಲೆ ಹೋಗುತ್ತದೆ. ಆರ್ಲೀನ್ ಹಗ್ಗವನ್ನು ಗೂಟಕ್ಕೆ ಸುತ್ತಿ, ಗಂಟನ್ನು ಎರಡು ಸಲ ಎಳೆದು ನೋಡುತ್ತಾರೆ. ಇಷ್ಟು ವರ್ಷ ಪುಕ್ಕಟೆ ದುಡಿದದ್ದಕ್ಕೆ ದಳದಿಂದ ನಿಮಗೇನಾದರೂ ಬೇಕೇ ಎಂದು ಕೇಳುತ್ತೇನೆ. ಏನೂ ಬೇಡ ಎನ್ನುತ್ತಾರೆ. ಬ್ರಷ್ಷು ತೊಳೆದು ಮೊಳೆಗೆ ನೇತುಹಾಕಿದ ಮೇಲೆ ನನ್ನ ಕಡೆ ತಿರುಗುತ್ತಾರೆ.

"ನಾನು ಹೋದ ಮೇಲೆ ಒಂದೇ ಒಂದು ಸಭೇಲಿ ನನ್ನ ಹೆಸರಿಗೆ ಯಾರಾದ್ರೂ ಹಾಜರ್ ಅನ್ಲಿ, ಸಾಕು. ಆದ್ರೆ ಅಂದೋರು ಬೆಳಿಗ್ಗೆ ಬಂದು ಪೈಪು ತೊಳೀಬೇಕು."