ಅಕ್ಕನ ಉಸಿರು

ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ‘ರಿಪೇರಿ’ಯೇ. ಅವನ ಬ್ಯಾಂಡಿನಲ್ಲಿ ಇದ್ದವರು ಮೂವರು. ಡ್ರಮ್ಸಿಗೆ ಅವನು, ಗಿಟಾರಿಗೆ ಗಣಿತದ ಮೇಷ್ಟ್ರು, ಹಾಡಿಗೆ ಅವನ ಅಕ್ಕ, ತಾಯಿ ತೀರಿಹೋದ ಮೇಲೆ ಅವನನ್ನು ಸಾಕಿದವಳು. ಅಂಗಡಿ ಮುಚ್ಚಿದ ಮೇಲೆ ಅಲ್ಲೇ ಅಭ್ಯಾಸ. ಮೇಷ್ಟ್ರು ತಂತಿಗಳ ನಡುವೆ ಸ್ಕ್ರೂಡ್ರೈವರ್ ಸಿಕ್ಕಿಸಿ ಗಿಟಾರನ್ನು ನರಳಿಸುತ್ತಿದ್ದರು. ರಿಪೇರಿ ಒಂದು ಕಾಲಲ್ಲಿ ಹಳೆಯ ಯಂತ್ರ ತುಳಿಯುತ್ತ, ಅದರ ಕಟಕಟಕ್ಕೆ ಹೊಂದಿಸಿ ಬಾರಿಸುತ್ತಿದ್ದ. ಇದನ್ನು ಸಂಗೀತ ಅಂದವರು ಯಾರು ಎಂದು ಪಕ್ಕದ ಅಂಗಡಿಯವರು ತಲೆ ಚಚ್ಚಿಕೊಳ್ಳುತ್ತಿದ್ದರು. ಪಾಪ, ಅವರದೂ ತಪ್ಪಲ್ಲ.

ಆ ಗದ್ದಲದ ನಡುವೆ ಅಕ್ಕ ಮಗು ಮಲಗಿಸುವಷ್ಟು ಮೆತ್ತಗೆ ಹಾಡುತ್ತಿದ್ದಳು. ಹಾಡು ಶುರುಮಾಡಲು ಆ ಬ್ಯಾಂಡಿನಲ್ಲಿ ಯಾರೂ ಎಣಿಸುತ್ತಿರಲಿಲ್ಲ. ಅಕ್ಕ ಮೈಕಿನೆದುರು ಜೋರಾಗಿ ಉಸಿರೆಳೆದುಕೊಂಡರೆ ಅದೇ ಸನ್ನೆ. ಎಲ್ಲಿ ನಿಲ್ಲಬೇಕು, ಎಲ್ಲಿ ಮತ್ತೆ ಸೇರಬೇಕು ಎಂಬುದನ್ನೂ ಅವಳ ಉಸಿರೇ ಹೇಳುತ್ತಿತ್ತು.

ಒಂದು ರೇಡಿಯೋ ಕೇಂದ್ರದವರು ಇವರು ರೆಕಾರ್ಡ್ ಮಾಡಿ ಕಳಿಸಿದ ಹಾಡು ಕೇಳಿ, “ಧ್ವನಿ ಚೆನ್ನಾಗಿದೆ, ಆ ಉಸಿರಿನ ಸದ್ದೊಂದು ತೆಗೆದು ಕಳಿಸಿ” ಎಂದರು. ರಿಪೇರಿ ಹಿರಿಹಿರಿ ಹಿಗ್ಗಿದ. ಕಂಪ್ಯೂಟರಿನ ಮುಂದೆ ಕೂತು, ಹೊಲಿಗೆ ಬಿಚ್ಚಿದ ಹಾಗೆ ಎಲ್ಲ ಹಾಡುಗಳಿಂದಲೂ ಒಂದೊಂದೇ ಉಸಿರನ್ನು ಕಿತ್ತ. ಉಸಿರಿದ್ದ ಮೊದಲಿನ ರೆಕಾರ್ಡಿಂಗನ್ನು ಅಳಿಸಿಯೂ ಬಿಟ್ಟ. ಅಕ್ಕ ಇದ್ದಾಳಲ್ಲ, ಬೇಕಾದರೆ ಮತ್ತೆ ಹಾಡಿಸಿದರಾಯಿತು ಎಂದುಕೊಂಡ.

ರೇಡಿಯೋದಲ್ಲಿ ಹಾಡು ಬರುವ ಮೊದಲೇ ಅಕ್ಕ ಜ್ವರದಲ್ಲಿ ತೀರಿಕೊಂಡಳು.

ಅವಳ ನೆನಪಿಗೆ ಒಂದು ಕಾರ್ಯಕ್ರಮ ಮಾಡೋಣ, ರೆಕಾರ್ಡಿನಲ್ಲಿರುವ ಅವಳ ಧ್ವನಿಯನ್ನು ಹಾಕಿಕೊಂಡು ನಾವಿಬ್ಬರೂ ನುಡಿಸೋಣ ಎಂದರು ಮೇಷ್ಟ್ರು. ರಿಪೇರಿಗೂ ಇದ್ದುದು ಅದೊಂದೇ ಆಸೆ, ಇನ್ನೊಂದು ಸಲ ಅಕ್ಕನ ಜೊತೆ ನುಡಿಸಬೇಕು. ಆದರೆ ಧ್ವನಿ ಇದ್ದಕ್ಕಿದ್ದಂತೆ ಬರುತ್ತಿತ್ತು, ಇಬ್ಬರೂ ಹಿಂದೆ ಬೀಳುತ್ತಿದ್ದರು. ಎಷ್ಟು ಸಲ ನುಡಿಸಿದರೂ ಅಷ್ಟೇ.

“ಎಲ್ಲಿ ಸೇರ್ಕೋಬೇಕು ಅಂತಾನೇ ಗೊತ್ತಾಗ್ತಿಲ್ಲ ಮೇಷ್ಟ್ರೇ. ಅವಳ ಉಸಿರನ್ನ ನಾನೇ ಕೈಯಾರೆ ಕಿತ್ತುಹಾಕಿದೆ.”

“ಹಿಂಗಾಗತ್ತೆ ಅಂತ ಯಾರಿಗಪ್ಪ ಗೊತ್ತಿತ್ತು? ಬಿಡು, ನಾನು ಎಣಿಸ್ತೀನಿ.”

ಮೇಷ್ಟ್ರು ಗಡಿಯಾರ ಹಿಡಿದು ಹಾಡಿನ ಮುಂಚಿನ ಮೌನವನ್ನೂ ನಡುವಿನ ಮೌನಗಳನ್ನೂ ಅಳೆದರು. ಆಮೇಲೆ ಪಾಠ ಹೇಳುವ ದನಿಯಲ್ಲಿ, “ಒಂದು, ಎರಡು, ಮೂರು, ನಾಲ್ಕು” ಎಂದರು.

ಎಲ್ಲ ಕೂಡಿಬಂತು. ಒಂದು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಆ ಬ್ಯಾಂಡು ಯಾವತ್ತೂ ನುಡಿಸಿರಲಿಲ್ಲ.

“ಬಂತಲ್ಲೋ” ಎಂದು ಮೇಷ್ಟ್ರು ತಿರುಗಿ ನೋಡಿದರೆ, ರಿಪೇರಿ ಡ್ರಮ್ಮಿನ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

“ಅವಳಿಲ್ದೇನೂ ಬಂದ್ಬಿಡ್ತಲ್ಲ ಮೇಷ್ಟ್ರೇ” ಎಂದ.