ಸೋನಾಮುಖಿಯ ಶನಿವಾರ

ಈ ಸಂಜೆ ಮಗಳ ಕಪ್ಪಿನಿಂದ ಒಂದು ವಾಸನೆ ಎದ್ದು ಬಂತು ನೋಡಿ, ಕೂತಲ್ಲಿ ಕೂಡಲಾರದೆ ಎದ್ದೆ. ನೆನೆದ ಹುಲ್ಲು, ಹಳೆಯ ಗೋಣಿಚೀಲ, ಹಿಂದೆ ಸಣ್ಣಗೆ ಕಹಿ. ಮೀರಾ ಇಲ್ಲೇ ಶಿಗ್ಗಾಂವಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಐವತ್ತರ ಹತ್ತಿರಕ್ಕೆ ಬಂದವಳು. "ಡಿಟಾಕ್ಸ್ ಟೀ, ಮಮ್ಮಿ. ದಿನಾ ಒಂದು ಕಪ್. ವೇಟ್ ಇಳೀತದ," ಅಂದಳು. ಹೋದ ವಾರ ಕ್ಲಾಸಿನಲ್ಲಿ ತಲೆ ತಿರುಗಿ ಟೇಬಲ್ಲು ಹಿಡಿದು ನಿಂತವಳೂ ಇವಳೇ. ಕನ್ನಡಕ ಹುಡುಕಿ ಡಬ್ಬಿ ಓದಿದೆ: ಸೆನ್ನಾ. ಪ್ಯಾಕೆಟ್ಟು ಬದಲಾಯಿಸಿದರೆ ಗುರುತು ಸಿಗುವುದಿಲ್ಲವೇ? ನಮ್ಮ ಸೋನಾಮುಖಿ.

"ಮಮ್ಮಿ, ಪ್ಲೀಸ್, ಒಂದ ಕಡೆ ಕುಂದರು," ಅಂದಳು ಮೀರಾ. ನಾನು ಹಾಲ್‌ನಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಹಾಲ್‌ಗೆ ತಿರುಗುತ್ತಲೇ ಇದ್ದೆ.

ಸೋನಾಮುಖಿ ಮರಳುಗಾಡಿನ ಗಿಡ, ಭೇದಿಯ ಮದ್ದು. ನಾನು ಹಾನಗಲ್ಲಿಗೆ ಸೊಸೆಯಾಗಿ ಬಂದ ಎಪ್ಪತ್ತರ ದಶಕದಲ್ಲಿ ಅದರ ಒಣ ಎಲೆಯನ್ನು ಮಾವನವರು ಸವಣೂರಿನಿಂದ ಪೊಟ್ಟಣ ಕಟ್ಟಿಸಿಕೊಂಡು ತರುತ್ತಿದ್ದರು. ಅಂಗಡಿಯ ಸಾಹೇಬರು ಅದನ್ನು ಮಕ್ಕಾ ಕಡೆಯ ಎಲೆ ಅನ್ನುತ್ತಿದ್ದರಂತೆ. ನೀರನ್ನೂ ಮಡಿಯಲ್ಲೇ ಸೇದುವ ನಮ್ಮ ವೈಷ್ಣವರ ಮನೆಯಲ್ಲಿ ಆ ಎಲೆ ಮಾತ್ರ ಚಪ್ಪಲಿ ಬಿಟ್ಟವರಂತೆ ಸೀದಾ ಒಳಗೆ ಬರುತ್ತಿತ್ತು. ನಾನು ಕೇಳಿಯೇಬಿಟ್ಟೆ. "ಹೊಟ್ಟಿ ಕಟ್ಟಿದಾಗ ಮಡಿ ಎಲ್ಲೀದವಾ?" ಅಂದರು ಅತ್ತೆ.

ಪ್ರತಿ ಹಬ್ಬ ಮುಗಿದ ಮೇಲಿನ ಶನಿವಾರ, ದೀಪ ಹಚ್ಚಿದ ಮೇಲೆ, ಇಡೀ ಮನೆಗೆ ಕಷಾಯ. ಎಲೆ ಒಂದೇ ಆದರೆ ಹೊಟ್ಟೆ ಹಿಂಡುತ್ತದೆಂದು ಶುಂಠಿ, ಬಡೇಸೋಪು, ಬೆಲ್ಲ. ರವಿವಾರ ಬೆಳಗಿನ ವೃತ್ತಾಂತವನ್ನು ನೀವೇ ಊಹಿಸಿ: ಮನೆ ತುಂಬ ಜನ, ಹಿತ್ತಲಲ್ಲಿ ಒಂದೇ ಪಾಯಖಾನೆ. ಹೋಳಿಗೆಯ ಭಾರ ಇಳಿದು ಮಧ್ಯಾಹ್ನಕ್ಕೆ ಎಲ್ಲರ ಮುಖ ಹಗುರಾಗುತ್ತಿದ್ದದ್ದೂ ನಿಜ. ಎಳೆಗೂಸಿಗೆ ಮತ್ತು ಬಸುರಿಗೆ ಮಾತ್ರ ಆ ಕಷಾಯವಿಲ್ಲ. "ಬಸುರಿಗೆ ಕೊಡಬಾರದು. ಕರುಳು ಹಿಂಡೂದು ಗರ್ಭಕ್ಕ ತಾಕೀತು," ಎಂದು ಅತ್ತೆ ಎಲೆ ಹಾಕುವಾಗ ಪ್ರತಿ ಸಲ ಮಂತ್ರದಂತೆ ಅನ್ನುತ್ತಿದ್ದರು.

ಆ ದೀಪಾವಳಿಗೆ ನಾನು ಬಸುರಿ. ಯಾರಿಗೂ ಹೇಳಿರಲಿಲ್ಲ. ಹಿಂದಿನ ವರ್ಷ ಹೇಳಿ, ಸಕ್ಕರೆ ಹಂಚಿ, ಆಮೇಲೆ ಅದು ನಿಲ್ಲದೆ ಹೋದಾಗ ಓಣಿಯ ಹೆಂಗಸರೆಲ್ಲ ಬಂದು "ಪಾಪ" ಅಂದು ಹೋಗಿದ್ದರು. ಇನ್ನೊಮ್ಮೆ ಆ ಪಾಪವನ್ನು ತಡೆಯುವ ಶಕ್ತಿ ನನಗಿರಲಿಲ್ಲ. ಆದರೆ ಮಡಿ ಮನೆಯಲ್ಲಿ ಸೊಸೆಯ ತಿಂಗಳು ಗುಟ್ಟಾಗಿರುವುದಿಲ್ಲ. ಮುಟ್ಟಾಗಿ ದೂರ ಕೂಡದಿದ್ದರೆ ಸುದ್ದಿ ತಾನೇ ಹಬ್ಬುತ್ತದೆ. ಅದಕ್ಕೇ ದಿನ ಬಂದಾಗ ಹಿತ್ತಲ ಪಡಸಾಲೆಯಲ್ಲಿ ಚಾಪೆ ಹಾಸಿ, ಇಂಗ್ಲಿಷ್ ನಾವೆಲ್ ಹಿಡಿದು, ಸುಳ್ಳೇ ದೂರ ಕೂತೆ! ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಸತ್ಯವೆಲ್ಲ ಅಷ್ಟಕ್ಕೇ ಮುಗಿಯಿತು. ಜಾಣೆ ಅಂದುಕೊಂಡೆ. ಶನಿವಾರ ನಡುಮನೆಯಲ್ಲಿ ಎಲ್ಲರೊಂದಿಗೆ ಸಾಲಾಗಿ ಕೂತಾಗ ತಿಳಿಯಿತು: ಬಸುರಿಯಲ್ಲ ಎಂದು ಸಾರಿದವಳಿಗೆ ಕಷಾಯ ತಪ್ಪುವುದಿಲ್ಲ.

ಅತ್ತೆ ಒಬ್ಬೊಬ್ಬರಿಗೇ ಲೋಟ ಕೊಡುತ್ತ ಬಂದರು. ಕುಡಿದರೆ ಕೂಸಿನ ಭಯ. ಬಿಟ್ಟರೆ ಬಸುರಿನ ಸುದ್ದಿಯೊಂದಿಗೆ, ಸುಳ್ಳೇ ದೂರ ಕೂತದ್ದೂ ಬಯಲು. ಪಕ್ಕದಲ್ಲಿ ನೆಗೆಣ್ಣಿ, ನನ್ನ ಮೈದುನನ ಹೆಂಡತಿ, ಮೂಗು ಮುಚ್ಚಿ ಗಟಗಟ ಕುಡಿದು ನನ್ನನ್ನೇ ನೋಡುತ್ತಿದ್ದಳು. ಕುಡಿಯುವುದಿಲ್ಲ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಲೋಟ ಮೂಗಿನ ಹತ್ತಿರ ಬಂದಿತ್ತು. ಆ ಹುಲ್ಲಿನ ವಾಸನೆ ಇಲ್ಲ. ಬರೇ ಶುಂಠಿ, ಬೆಲ್ಲ. ತಲೆಯೆತ್ತಿದೆ.

"ಮಾರಿ ಏನ್ ನೋಡ್ತೀ? ಕುಡಿ," ಅಂದರು ಅತ್ತೆ ಎಲ್ಲರಿಗೂ ಕೇಳುವಂತೆ. "ಕಾನ್ವೆಂಟಿನವರ ಹೊಟ್ಟಿ ಬ್ಯಾರೆ ಇರ್ತದೇನು?" ಎಲ್ಲರೂ ನಕ್ಕರು. ಕುಡಿದೆ.

ಮರುದಿನ ಪಾಯಖಾನೆಯ ಪಾಳಿಯಿಂದ ದೂರ ನಿಂತಿದ್ದ ನನ್ನ ಕೈಗೆ ಅತ್ತೆ ತಂಬಿಗೆ ತುರುಕಿದರು. "ಹೋಗು, ನಿಂದ್ರು. ಇಲ್ಲಾಂದ್ರ ನಿನ್ನ ನೆಗೆಣ್ಣಿ ಊರೆಲ್ಲ ಡಂಗುರ ಹೊಡೀತಾಳ." ಆಮೇಲೆ ದನಿ ಇಳಿಸಿ, "ದೂರ ಕುಂತಾಕಿ ಹಸಿ ಹುಣಸಿಕಾಯಿ ಕದ್ದು ತಿಂತಾಳೇನ, ಹುಚ್ಚಿ?"

ಹೋಗಿ ಸುಮ್ಮನೆ ಒಳಗೆ ನಿಂತೆ. ಹೊರಗೆ ನನ್ನ ಗಂಡ ಬಾಗಿಲು ಬಡಿಯುತ್ತಿದ್ದರು: "ಮುಗೀತೇನ? ಜೀವ ಹೊಂಟದ ಇಲ್ಲೆ!" ಅವರಿಗೆ ನಾನು ಹೇಳಿದ್ದು ಮಕರ ಸಂಕ್ರಾಂತಿಗೆ.

ಇಷ್ಟು ತಿಳಿದ ಅತ್ತೆಯೇ ಎಂಬತ್ತರ ದಶಕದಲ್ಲಿ, ಮಾವ ಹೋದ ಮೇಲೆ, ಸೋನಾಮುಖಿಯನ್ನು ದಿನಾ ಹಿಡಿದರು. ಮೊದಲು ಚಿಟಿಕೆ, ಆಮೇಲೆ ಹಿಡಿ. ಅದಿಲ್ಲದೆ ಹೊಟ್ಟೆ ಅಲುಗಾಡುತ್ತಿರಲಿಲ್ಲ. ಹಿರೇಕೆರೂರಿನ ಮದುವೆಯೊಂದರಲ್ಲಿ ಕಾಲು ಸೆಳೆದು, ಎದೆ ಡವಗುಟ್ಟಿ, ಊಟದ ಎಲೆಯ ಮುಂದೆಯೇ ಕುಸಿದರು. ಡಾಕ್ಟರು ಹೇಳಿದ್ದು ಇಷ್ಟೇ: ಅಪರೂಪಕ್ಕೆ ಔಷಧ, ದಿನಾ ಕುಡಿದರೆ ಮೈಯ ಲವಣ ಹರಿದುಹೋಗುತ್ತದೆ, ಕರುಳು ತನ್ನ ಕೆಲಸ ಮರೆಯುತ್ತದೆ. ನಾನು ಪೊಟ್ಯಾಸಿಯಂ, ಡಿಹೈಡ್ರೇಶನ್ ಎಂದು ದಿನವೂ ಲೆಕ್ಚರ್ ಕೊಟ್ಟೆ. ಫ್ರ್ಯಾಂಕ್ ಆಗಿ ಹೇಳುವುದೇ ಪ್ರೀತಿ ಎಂದು ನಂಬಿದ್ದ ವಯಸ್ಸು. "ಆತವಾ, ನಿನ್ನ ಇಂಗ್ಲಿಷ್ ಔಷಧ ಕುಡದೆ. ಈಗ ನಂದು ತಾ," ಎಂದು ಕೈ ಚಾಚುತ್ತಿದ್ದರು. ಕೊನೆಯವರೆಗೂ ಬಿಡಲಿಲ್ಲ.

ಮೀರಾಗೂ ಈಗ ಡಬ್ಬಿ ಹಿಡಿದು ಲೆಕ್ಚರ್ ಕೊಡಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಅಡಿಗೆಮನೆಗೆ ಹೋಗಿ ಶುಂಠಿ ಜಜ್ಜಿದೆ. ಬೆಲ್ಲ ಹಾಕಿ ಕುದಿಸಿ, ಲೋಟ ತಂದು ಅವಳ ಮುಂದಿಟ್ಟೆ. ಅವಳು ಇನ್ನೂ ಮುಟ್ಟದಿದ್ದ ಕಪ್ಪನ್ನು ಅವಳ ಕಣ್ಣೆದುರೇ ಎತ್ತಿಕೊಂಡೆ. ಅವಳು ಲೋಟ ಮೂಸಿದಳು. ಕಪ್ಪು ನೋಡಿದಳು. ನನ್ನನ್ನು ನೋಡಿದಳು.

"ಮಾರಿ ಏನ್ ನೋಡ್ತೀ?" ಅಂದೆ. "ಕುಡಿ. ಇದು ನೀ ನನ್ನ ಹೊಟ್ಟ್ಯಾಗಿದ್ದಾಗ ಒಮ್ಮೆ ಕುಡದದ್ದ. ಕುಡಿ, ಹೇಳ್ತೇನಿ."

ಅವಳು ಲೋಟ ಎತ್ತಿದಳು. ನಾನು ಕುರ್ಚಿ ಎಳೆದುಕೊಂಡು ಕೂತೆ.